ಲಿಮೋಜ್: ಸದ್ದಿಲ್ಲದ ಊರಿನಲ್ಲಿ ಕಾಗದಪತ್ರಗಳ ಗದ್ದಲ

ಫ್ರೆಂಚ್ ಭಾಷೆಯಲ್ಲಿ ‘ಲಿಮೋಜೆ’ ಎಂಬ ಕ್ರಿಯಾಪದವಿದೆ. ಅಧಿಕಾರಿಯೊಬ್ಬನನ್ನು ಹುದ್ದೆಯಿಂದ ಕಿತ್ತುಹಾಕುವುದು ಎಂದು ಅದರ ಅರ್ಥ. 1914ರಲ್ಲಿ, ಮೊದಲ ಮಹಾಯುದ್ಧದ ಆರಂಭದ ಸೋಲುಗಳ ಬಳಿಕ, ಸೇನಾಪತಿ ಜೋಫ್ರ್ ತಾನು ಅಸಮರ್ಥರೆಂದು ಕಂಡ ಜನರಲ್‌ಗಳನ್ನು ರಣರಂಗದಿಂದ ದೂರವಿದ್ದ ಲಿಮೋಜ್ ಸೇನಾ ವಲಯಕ್ಕೆ ಅಟ್ಟಿದ. ಊರಿನ ಹೆಸರೇ ಶಿಕ್ಷೆಯ ಹೆಸರಾಯಿತು.

ಅದೇ ಊರಿಗೆ ಇಂದು ತಾವಾಗಿಯೇ ಹೋಗಿ ನೆಲೆಸುವ ವಿದೇಶೀಯರಿದ್ದಾರೆ. ಪ್ಯಾರಿಸ್‌ನಿಂದ ದಕ್ಷಿಣಕ್ಕೆ ಸುಮಾರು 400 ಕಿ.ಮೀ. ದೂರದಲ್ಲಿ, ವಿಯೆನ್ ನದಿಯ ದಡದಲ್ಲಿರುವ ಲಿಮೋಜ್‌ನ ಜನಸಂಖ್ಯೆ ಸುಮಾರು 1.3 ಲಕ್ಷ. ಹದಿನೆಂಟನೇ ಶತಮಾನದಲ್ಲಿ ಸಮೀಪದ ಸೆಂಟ್-ಇರಿಯೆಯಲ್ಲಿ ಬಿಳಿಜೇಡಿ ದೊರೆತ ಮೇಲೆ ಪಿಂಗಾಣಿಯಿಂದ ಹೆಸರಾದ ನಗರವಿದು. 1968ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವು ಸೆರಾಮಿಕ್ಸ್ ಹಾಗೂ ದೃಗ್ವಿಜ್ಞಾನದ ಸಂಶೋಧನೆಗೆ ಹೆಸರು ಪಡೆದಿದೆ. ಅತಿವೇಗದ ರೈಲು ಮಾರ್ಗದ ಯೋಜನೆಗೆ ದೊರೆತಿದ್ದ ಅನುಮೋದನೆಯನ್ನು 2016ರಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ರದ್ದುಪಡಿಸಿತು. ಹೀಗಾಗಿ ಪ್ಯಾರಿಸ್‌ಗೆ ಈಗಲೂ ಮೂರು ಗಂಟೆಗೂ ಮೀರಿದ ಪ್ರಯಾಣ. ಬಾಡಿಗೆ ರಾಜಧಾನಿಗಿಂತ ಬಹಳ ಕಡಿಮೆ. ಆದರೆ ಇಲ್ಲಿ ಹೊಸಬರನ್ನು ಕಾಡುವುದು ಹಣದ ಚಿಂತೆಗಿಂತ ಹೆಚ್ಚಾಗಿ ಕಾಗದಪತ್ರಗಳ ಚಿಂತೆ.

ಪಾಸ್‌ಪೋರ್ಟ್‌ನಲ್ಲಿ ದೀರ್ಘಾವಧಿ ವೀಸಾ ಅಂಟಿಸಿದರೆ ಎಲ್ಲವೂ ಮುಗಿಯಿತು ಎಂದು ಭಾವಿಸುವವರು ಹಲವರು. ಹಾಗಲ್ಲ. ನಿವಾಸ ಪರವಾನಗಿಗೆ ಸಮನಾದ ವೀಸಾವನ್ನು ಫ್ರಾನ್ಸ್ ತಲುಪಿದ 3 ತಿಂಗಳೊಳಗೆ ಅಂತರ್ಜಾಲದ ಮೂಲಕ ಊರ್ಜಿತಗೊಳಿಸಿ ತೆರಿಗೆ ಕಟ್ಟಬೇಕು. ತಪ್ಪಿದರೆ ವಾಸ್ತವ್ಯವೇ ಅಕ್ರಮವಾಗುತ್ತದೆ. ಇದಕ್ಕೆ ಫ್ರಾನ್ಸ್‌ನಲ್ಲಿ ಒಂದು ವಿಳಾಸ ಬೇಕು. ತೊಡಕು ಆರಂಭವಾಗುವುದೇ ಇಲ್ಲಿ.

ವಿಳಾಸವೆಂಬ ಚಕ್ರವ್ಯೂಹ

ಮನೆಯ ಮಾಲೀಕರು ಸಾಮಾನ್ಯವಾಗಿ ಬಾಡಿಗೆಯ ಮೂರರಷ್ಟು ಆದಾಯವನ್ನೂ ಫ್ರಾನ್ಸ್‌ನಲ್ಲಿ ವಾಸಿಸುವ ಜಾಮೀನುದಾರರನ್ನೂ ಕೇಳುತ್ತಾರೆ. ಬಾಡಿಗೆ ಪಾವತಿಗೆ ಬ್ಯಾಂಕ್ ಖಾತೆ ಬೇಕು, ಬ್ಯಾಂಕ್ ಖಾತೆಗೆ ವಿಳಾಸದ ಪುರಾವೆ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ನಮ್ಮ ಗಾದೆ ನೆನಪಾಗದಿರದು.

ಬಿಡಿಸಿಕೊಳ್ಳುವ ದಾರಿಗಳಿವೆ. 18ರಿಂದ 30 ವರ್ಷದವರಿಗೆ ‘ವಿಸಾಲ್’ ಎಂಬ ಉಚಿತ ಜಾಮೀನು ಯೋಜನೆ ಇದೆ. ಕರಾರಿಗೆ ಸಹಿ ಹಾಕುವ ಮೊದಲೇ ಅದನ್ನು ಪಡೆದಿರಬೇಕು. ವಿದ್ಯಾರ್ಥಿಗಳು ಮೊದಲ ವರ್ಷ ‘ಕ್ರೂಸ್’ ಸಂಸ್ಥೆಯ ವಿದ್ಯಾರ್ಥಿ ನಿಲಯದಲ್ಲಿ ಇದ್ದುಬಿಡುವುದೇ ಲೇಸು. ಪರಿಚಿತರ ಮನೆಯಲ್ಲಿ ತಂಗಿದವರು ಅವರಿಂದ ಲಿಖಿತ ವಸತಿ ದೃಢೀಕರಣ ಪಡೆಯಬಹುದು. ಮನೆ ಪ್ರವೇಶಿಸುವ ದಿನ ಗೋಡೆಯ ಬಿರುಕು, ನಲ್ಲಿಯ ಸೋರಿಕೆಗಳನ್ನೆಲ್ಲ ಜಂಟಿ ವರದಿಯಲ್ಲಿ ಬರೆಸದಿದ್ದರೆ, ಬಿಡುವ ದಿನ ಮುಂಗಡದಲ್ಲಿ ಕಡಿತ ಖಚಿತವೆಂದೇ ತಿಳಿಯಬೇಕು.

ಕರ್ನಾಟಕದಿಂದ ಹೋಗುವವರು ಗಮನಿಸಬೇಕಾದ ಇನ್ನೊಂದು ಅಂಶ ಹೆಸರು. ಊರು, ತಂದೆಯ ಹೆಸರುಗಳ ಮೊದಲಕ್ಷರ ಸೇರಿಸಿ ಬರೆಯುವುದು ನಮ್ಮ ರೂಢಿ. ಫ್ರೆಂಚ್ ಅರ್ಜಿಗಳಲ್ಲಾದರೋ ಕುಲನಾಮಕ್ಕೊಂದು, ಸ್ವಂತ ಹೆಸರಿಗೊಂದು ಚೌಕ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಮೂರು ರೀತಿಯಾಗಿದ್ದರೆ ಕಡತ ಮುಂದೆ ಸಾಗುವುದು ಕಷ್ಟ. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರಿರಬೇಕು. ಅದಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’ ಮುದ್ರೆಯನ್ನು ಹೊರಡುವ ಮೊದಲೇ ಪಡೆಯುವುದು ಒಳಿತು. ಅಲ್ಲಿಂದ ಇದನ್ನು ಮಾಡಿಸುವ ಕಷ್ಟ ಬೇರೆಯೇ.

ವೈದ್ಯರೆಲ್ಲಿ?

ಇದೇ ಪ್ರಮಾಣಪತ್ರ ಸರ್ಕಾರಿ ಆರೋಗ್ಯ ವಿಮೆಗೂ ಬೇಕು. ವಿಮೆಗೆ ಸೇರಿದವರು ತಮ್ಮ ಕುಟುಂಬ ವೈದ್ಯರು ಯಾರೆಂದು ಘೋಷಿಸಬೇಕು. 2024ರ ಡಿಸೆಂಬರ್‌ನಿಂದ ಸಾಮಾನ್ಯ ವೈದ್ಯರ ಶುಲ್ಕ 30 ಯೂರೋ. ಘೋಷಿತ ವೈದ್ಯರಲ್ಲಿಗೆ ಹೋದರೆ ಇದರ ಶೇ 70ರ ಲೆಕ್ಕದಲ್ಲಿ, ಇಲ್ಲದಿದ್ದರೆ ಶೇ 30ರ ಲೆಕ್ಕದಲ್ಲಿ ಮರುಪಾವತಿ. ಆದರೆ ಪ್ರಾಂತ್ಯದ ಊರುಗಳಲ್ಲಿ ಹೊಸ ರೋಗಿಗಳನ್ನು ಒಪ್ಪುವ ವೈದ್ಯರು ಸಿಗುವುದೇ ದುರ್ಲಭ. ಕಾಯಿಲೆ ಬರುವ ಮೊದಲೇ ಹುಡುಕಾಟ ಆರಂಭಿಸಬೇಕಾದ ಸ್ಥಿತಿ.

ಇನ್ನು ನಿಶ್ಶಬ್ದದ ಮಾತು. ಭಾನುವಾರ ಮಧ್ಯಾಹ್ನದ ಬಳಿಕ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಸೋಮವಾರ ತೆರೆಯದವೂ ಉಂಟು. ಆಗಸ್ಟ್‌ನಲ್ಲಿ ಊರಿಗೆ ಊರೇ ರಜೆಗೆ ಹೋದಂತಿರುತ್ತದೆ. ಅಕ್ಕಿ, ಬೇಳೆಯನ್ನು ಶನಿವಾರವೇ ತಂದಿಡದವರಿಗೆ ಉಪವಾಸ. ಅಂಗಡಿ ಹೊಕ್ಕೊಡನೆ ‘ಬೊಂಜೂರ್’ ಎನ್ನದೆ ಬೆಲೆ ಕೇಳುವುದು ಒರಟುತನವೆನಿಸುತ್ತದೆ. ಪ್ಯಾರಿಸ್‌ನಲ್ಲಿ ಇಂಗ್ಲಿಷ್‌ನಿಂದ ನಡೆದುಹೋಗುವ ಕೆಲಸ ಇಲ್ಲಿನ ಕಚೇರಿ ಕಿಟಕಿಯ ಮುಂದೆ ನಡೆಯುವುದಿಲ್ಲ.

ಭಾಷೆ ಈಗ ಕಾನೂನಿನ ವಿಷಯವೂ ಹೌದು. 2024ರ ಜನವರಿಯ ವಲಸೆ ಕಾಯ್ದೆಯ ಪ್ರಕಾರ, 2026ರ ಜನವರಿ 1ರಿಂದ ಮೊದಲ ಬಾರಿಗೆ ಬಹುವಾರ್ಷಿಕ ಪರವಾನಗಿ ಕೇಳುವ ಸಾಮಾನ್ಯ ಉದ್ಯೋಗಿಗಳು ಹಾಗೂ ಕುಟುಂಬ ವೀಸಾದವರು ಫ್ರೆಂಚ್‌ನಲ್ಲಿ ‘ಎ2’ ಮಟ್ಟವನ್ನು ತೋರಿಸಬೇಕು. 10 ವರ್ಷದ ಪರವಾನಗಿಗೆ ‘ಬಿ1’, ಪೌರತ್ವಕ್ಕೆ ‘ಬಿ2’. ವಿದ್ಯಾರ್ಥಿಗಳ ಪರವಾನಗಿಗೆ ಈ ‘ಎ2’ ಷರತ್ತು ಅನ್ವಯಿಸದು. ಆದರೆ ಓದು ಮುಗಿಸಿ ಅಲ್ಲೇ ನೆಲೆಸಬಯಸುವವರು ಮೊದಲ ವರ್ಷದಿಂದಲೇ ಸಂಜೆ ತರಗತಿಗೆ ಹೆಸರು ಬರೆಸಬೇಕಾಗುತ್ತದೆ.