ಮಕ್ಕಳ ಕೈಗೆ ಮಾಯಾ ಜೀವಿಗಳ ಕಥೆ: ಏಕೆ ಕೊಡಬೇಕು, ಎಂತಹುದನ್ನು ಕೊಡಬೇಕು?



ಮಾತನಾಡುವ ಹಕ್ಕಿ, ಕೆರೆಯಡಿಯ ನಾಗಕನ್ನಿಕೆ, ಮರದ ಪೊಟರೆಯಲ್ಲಿ ಸಂಸಾರ ಹೂಡಿದ ಗೇಣುದ್ದದ ಮನುಷ್ಯ, ಇಂತಹ ಮಾಯಾ ಜೀವಿಗಳ ಕಾದಂಬರಿಯನ್ನು ಮಗು ಹಿಡಿದು ಕುಳಿತರೆ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. “ಪಾಠ ಬಿಟ್ಟು ಈ ಕಟ್ಟುಕಥೆ ಏಕೆ? ಇದರಿಂದ ಮೂಢನಂಬಿಕೆ ಬೆಳೆಯುವುದಿಲ್ಲವೆ?” ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದುದರಿಂದ ವಿಷಯವನ್ನು ಕೊಂಚ ವಿವರವಾಗಿ ವಿಚಾರ ಮಾಡೋಣ.

ಮೊದಲನೆಯದಾಗಿ, ಈ ಬಗೆಯ ಕಥೆ ನಮಗೆ ಹೊಸದಲ್ಲ. 11ನೆಯ ಶತಮಾನದಲ್ಲಿಯೇ ದುರ್ಗಸಿಂಹನು ಮಾತನಾಡುವ ಪ್ರಾಣಿಗಳ ಪಂಚತಂತ್ರವನ್ನು ಕನ್ನಡದಲ್ಲಿ ಬರೆದನು. ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡದ್ದನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ನಮ್ಮ ರಾಜ್ಯದ ಲಾಂಛನದಲ್ಲಿರುವ ಗಂಡಭೇರುಂಡವೂ ಎರಡು ತಲೆಯ ಮಾಯಾ ಪಕ್ಷಿಯೇ. ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿಯೇ ಕಥೆ ಬರೆದರು. ಕುವೆಂಪು ಅವರು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಕೊಟ್ಟರು. ಅಜ್ಜಿ ಒಂದು ರಾತ್ರಿಯಲ್ಲಿ ಹೇಳಿ ಮುಗಿಸುತ್ತಿದ್ದ ಕಥೆಯನ್ನು ಕಾದಂಬರಿಯು ಹತ್ತಾರು ರಾತ್ರಿಗಳಿಗೆ ಹಿಗ್ಗಿಸುತ್ತದೆ, ಅಷ್ಟೆ. ಅಜ್ಜಿಯ ಕಥೆ ಅನೇಕ ಮನೆಗಳಲ್ಲಿ ನಿಂತುಹೋಗಿರುವ ಈ ದಿನಗಳಲ್ಲಿ ಆ ಸ್ಥಾನವನ್ನು ಪುಸ್ತಕವಾದರೂ ತುಂಬಬೇಕಲ್ಲವೆ?

ಹೊರದೇಶಗಳಲ್ಲಿಯೂ ಇಂತಹ ಸೌಮ್ಯ ಕಥೆಗಳು ಬಹಳ ಹಿಂದಿನಿಂದ ಬಂದಿವೆ. ಇಂಗ್ಲೆಂಡಿನ ಈ. ನೆಸ್ಬಿಟ್ ಎಂಬ ಲೇಖಕಿಯು 1902ರಲ್ಲಿ ಬರೆದ ಕಾದಂಬರಿಯಲ್ಲಿ ಐವರು ಮಕ್ಕಳಿಗೆ ಮರಳಿನಲ್ಲಿ ಹುದುಗಿದ್ದ ಒಂದು ಸಿಡುಕಿನ ಮಾಯಾ ಪ್ರಾಣಿ ಸಿಗುತ್ತದೆ. ಅದು ವರ ಕೊಡುತ್ತದೆ. ಆದರೆ ವರದ ಫಲ ಸೂರ್ಯಾಸ್ತದವರೆಗೆ ಮಾತ್ರ. ಆತುರದಿಂದ ಬೇಡಿದ ವರವೆಲ್ಲ ತೊಂದರೆಗೇ ತಿರುಗುತ್ತದೆ. ಫಿನ್ಲೆಂಡಿನ ಟೂವೆ ಯಾನ್ಸನ್ ಅವರ ಮೂಮಿನ್ ಎಂಬ ಗುಂಡು ಮೈಯ ಜೀವಿಗಳ ಮೊದಲ ಪುಸ್ತಕ ಮಹಾಯುದ್ಧ ಮುಗಿದ 1945ರಲ್ಲಿ ಹೊರಬಂದಿತು. ಅದರಲ್ಲಿ ತಾಯಿಯೂ ಮಗುವೂ ನೆರೆಯ ನಡುವೆ ತಂದೆಯನ್ನು ಹುಡುಕುತ್ತಾರೆ, ಕೊನೆಗೆ ಕಾಣುತ್ತಾರೆ. ಕಷ್ಟವನ್ನು ಬಚ್ಚಿಡದೆ, ಮಗುವನ್ನು ಕೈಬಿಡದೆ ಕಥೆ ಹೇಳುವುದೇ ಈ ಬಗೆಯ ಗುಣ.

ಈಗ ಮೂಢನಂಬಿಕೆಯ ಮಾತಿಗೆ ಬರೋಣ. ಮಗು ಅತ್ತರೆ ನಾವೇ “ಗುಮ್ಮ ಬಂತು” ಎಂದು ಹೆದರಿಸುತ್ತೇವೆ. ಗುಮ್ಮವೆಂದರೆ ಗೂಬೆಯೂ ಹೌದು. ಹಾಗೆ ಹೆದರಿ ಬೆಳೆದವರು ಮನೆಯ ಮೇಲೆ ಗೂಬೆ ಕುಳಿತರೆ ಅಪಶಕುನವೆಂದು ಕಲ್ಲು ಬೀರುತ್ತಾರೆ. ರಾತ್ರಿಯೆಲ್ಲ ಹೊಲದ ಇಲಿ ಹಿಡಿದು ರೈತನ ಬೆಳೆ ಕಾಯುವುದು ಅದೇ ಗೂಬೆ! ಗುಮ್ಮನ ಬೆದರಿಕೆ “ಇದನ್ನು ನಂಬು, ಬಾಯಿ ಮುಚ್ಚು” ಎನ್ನುತ್ತದೆ. ಒಳ್ಳೆಯ ಕಥೆಯಾದರೋ “ಹೀಗಿದ್ದರೆ ಹೇಗೆ?” ಎಂದು ಕೇಳುತ್ತದೆ, ಮಗುವಿನ ಬಾಯಿ ಬಿಡಿಸುತ್ತದೆ. ಕಥೆ ಕಥೆಯೇ ಎಂಬುದನ್ನು ಮಗು ಬೇಗ ಅರಿಯುತ್ತದೆ. ಭಯವನ್ನೇ ನಿಜವೆಂದು ಬಿತ್ತಿದರೆ ಅದನ್ನು ಕೀಳುವುದು ಕಷ್ಟ.

ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನೇ ನೋಡಿ. 2007ರಲ್ಲಿ ಯಲಹಂಕವು ಬೆಂಗಳೂರು ಮಹಾನಗರಕ್ಕೆ ಸೇರಿತು. 2015ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಅಲ್ಲಿ ಕಾಣಬರುವ ಹಾವಕ್ಕಿಯು ಮೈಯನ್ನು ನೀರೊಳಗೆ ಮುಳುಗಿಸಿ, ಕತ್ತನ್ನು ಮಾತ್ರ ಮೇಲೆತ್ತಿ ಈಜುವಾಗ ಥೇಟು ಹಾವಿನಂತೆಯೇ ಕಾಣುತ್ತದೆ. ಬಾಯ್ಕಳಕ ಕೊಕ್ಕರೆಯು ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುತ್ತದೆ. ನಾಗಲೋಕದ ಕಥೆ ಓದಿದ ಮಗು ಹಾವಕ್ಕಿಯನ್ನು ಕಂಡರೆ ಕಲ್ಲು ಹುಡುಕದೆ, ಅದರ ಹೆಸರನ್ನು ಕೇಳೀತು. ಕೆರೆ ಉಳಿಯಬೇಕಾದರೆ ಹೀಗೆ ಕೇಳುವ ಮಕ್ಕಳು ಬೇಕು.

ಬಿತ್ತನೆಗೆ ಮೊದಲು ಬೀಜವನ್ನು ಪರೀಕ್ಷಿಸುವಂತೆ ಪುಸ್ತಕವನ್ನೂ ಪರೀಕ್ಷಿಸಬೇಕು. ಕೆಳಗಿನ ಅಂಶಗಳನ್ನು ಗಮನಿಸಿರಿ:

1. ಮಾಯೆಗೊಂದು ಕಟ್ಟುಪಾಡಿರಲಿ. ಎಲ್ಲವೂ ಮಂತ್ರದಿಂದಲೇ ಆಗುವುದಾದರೆ ಮಗುವಿಗೆ ಯೋಚಿಸಲು ಏನೂ ಉಳಿಯದು.

2. ಕಷ್ಟವನ್ನು ಬಿಡಿಸುವುದರಲ್ಲಿ ಕಥೆಯ ಮಗುವಿನ ಬುದ್ಧಿಗೂ ದುಡಿಮೆಗೂ ಪಾಲಿರಲಿ.

3. ಕಪ್ಪು ಬಣ್ಣ, ಅಂಗವಿಕಲತೆ, ಜಾತಿ, ಮುದಿತನ ಇವನ್ನು ಕೆಡುಕಿನ ಗುರುತಾಗಿ ತೋರಿಸುವ ಪುಸ್ತಕ ಬೇಡ.

4. ಅಕ್ಷರ ದಪ್ಪವಾಗಿರಲಿ, ಅಧ್ಯಾಯಗಳು ಚಿಕ್ಕವಾಗಿರಲಿ.

5. ಮೊದಲ ಎರಡು ಪುಟಗಳನ್ನು ತಾವೇ ಗಟ್ಟಿಯಾಗಿ ಓದಿರಿ. “ಮುಂದೇನಾಯಿತು?” ಎಂದು ಮಗು ಕೇಳಿದರೆ ಪುಸ್ತಕ ತೇರ್ಗಡೆಯಾಯಿತೆಂದು ತಿಳಿಯಿರಿ.

ಪುಸ್ತಕಕ್ಕಾಗಿ ಹಣ ಖರ್ಚು ಮಾಡಲೇಬೇಕೆಂದಿಲ್ಲ. 2020ರಲ್ಲಿ ಆರಂಭವಾದ “ಓದುವ ಬೆಳಕು” ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಉಚಿತ ಸದಸ್ಯತ್ವ ನೀಡಿದವು. ತಮ್ಮ ಮಗುವಿನ ಹೆಸರು ಅಲ್ಲಿದೆಯೇ ವಿಚಾರಿಸಿರಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ “ಬಾವಲಿ ಗುಹೆ” (2022), ವಿಜಯಶ್ರೀ ಹಾಲಾಡಿಯವರ “ಸೂರಕ್ಕಿ ಗೇಟ್” (2023), ಕೃಷ್ಣಮೂರ್ತಿ ಬಿಳಿಗೆರೆಯವರ “ಛೂಮಂತ್ರಯ್ಯನ ಕಥೆಗಳು” (2024) ಇವನ್ನು ಗ್ರಂಥಪಾಲಕರಲ್ಲಿ ಕೇಳಬಹುದು. ಎಲ್ಲವೂ ಮಾಯಾಲೋಕದ ಕಥೆಗಳೆಂದಲ್ಲ. ಮಕ್ಕಳ ಓದಿಗೆ ಒಳ್ಳೆಯ ಆರಂಭ. ಪುಸ್ತಕ ಅಲ್ಲಿಲ್ಲದಿದ್ದರೆ ತರಿಸಬೇಕೆಂದು ಪಂಚಾಯಿತಿಗೆ ನಾಲ್ಕಾರು ಮಂದಿ ಸೇರಿ ಬರೆದುಕೊಡಿರಿ.

ಅಕ್ಷರ ಕಲಿತ ಮಗುವೆಲ್ಲ ಓದುವ ಮಗುವಾಗುವುದಿಲ್ಲ. ಪರೀಕ್ಷೆಗೆಂದೇ ಓದಿದ ಮಗು ಪರೀಕ್ಷೆ ಮುಗಿದೊಡನೆ ಪುಸ್ತಕ ಮುಚ್ಚುತ್ತದೆ. ಕಥೆಗಾಗಿ ಓದಿದ ಮಗುವೇ ಮುಂದೆ ಪಹಣಿಯನ್ನೂ ಸಾಲದ ಪತ್ರವನ್ನೂ ಔಷಧದ ಡಬ್ಬಿಯ ಚೀಟಿಯನ್ನೂ ಬೇಸರವಿಲ್ಲದೆ ಓದಿ, ತಿಳಿದ ಮೇಲೆ ಸಹಿ ಹಾಕುತ್ತದೆ. ಈ ವಾರದಿಂದಲೇ ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷವನ್ನು ಕಥೆಗೆ ಮೀಸಲಿಡಿರಿ. ಓದು ಬಾರದ ಹಿರಿಯರೂ ಬಂದು ಕುಳಿತುಕೊಳ್ಳಲಿ. ಮಗು ಓದಲಿ, ಮನೆಯವರೆಲ್ಲ ಕೇಳಲಿ.