ಶಿರಿಯಾ ಎಂಬ ಎಣ್ಣೆ ಹಡಗು

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಹೊತ್ತಿ ಉರಿದದ್ದು ಎಲ್ಲರಿಗೂ ಗೊತ್ತು. ಅದೇ ರಾತ್ರಿ ಅಲ್ಲಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ವಾಯವ್ಯಕ್ಕಿರುವ ಮಿಡ್‌ವೇ ದ್ವೀಪದ ಮೇಲೂ ಜಪಾನಿನ ಫಿರಂಗಿ ಗುಂಡುಗಳು ಬಿದ್ದವು. ಗುಂಡು ಹಾರಿಸಿದ್ದು ಎರಡು ಡಿಸ್ಟ್ರಾಯರುಗಳು, ಅಂದರೆ ಹಗುರ ಮೈಯ, ವೇಗದ ಯುದ್ಧನೌಕೆಗಳು. ಒಂದರ ಹೆಸರು ಉಶಿಯೊ. ಒಂದು ಗಂಟೆಯೊಳಗೆ ಕೆಲಸ ಮುಗಿಸಿ ಅವು ಕತ್ತಲಲ್ಲಿ ಮರೆಯಾದವು. ಈ ಸಣ್ಣ ದಾಳಿಯನ್ನು ದಾಖಲಿಸುವ ಪುಸ್ತಕಗಳು ಆ ಎರಡು ನೌಕೆಗಳ ಬಗ್ಗೆ ನಾಲ್ಕು ಮಾತು ಹೇಳುತ್ತವೆ. ಅವುಗಳ ಜೊತೆ ಜಪಾನಿನಿಂದ ಹೊರಟಿದ್ದ ಮೂರನೆಯ ಹಡಗಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಅದು ಶಿರಿಯಾ, ನೌಕಾಪಡೆಗೆ ಉರುವಲು ಹೊರುವ ಟ್ಯಾಂಕರ್. ಅದಿಲ್ಲದೆ ಆ ದಾಳಿಯ ಯೋಜನೆಯೇ ನಿಲ್ಲುತ್ತಿರಲಿಲ್ಲ. ಏಕೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಉಶಿಯೊ ಗುಂಪಿನ ಡಿಸ್ಟ್ರಾಯರಿನ ಟ್ಯಾಂಕಿಗೆ ಸುಮಾರು 500 ಟನ್ ಎಣ್ಣೆ ಹಿಡಿಯುತ್ತಿತ್ತು. 14 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 14 ನಾಟಿಕಲ್ ಮೈಲಿಯಂತೆ, ಸಾವಕಾಶವಾಗಿ ಸಾಗಿದರೆ ಅಷ್ಟು ಎಣ್ಣೆಯಲ್ಲಿ 5,000 ನಾಟಿಕಲ್ ಮೈಲಿ ಹೋಗಬಹುದಿತ್ತು. ಟೋಕಿಯೋ ಕೊಲ್ಲಿಯಿಂದ ಮಿಡ್‌ವೇಗೆ ಸುಮಾರು 2,200 ಮೈಲಿ. ಹೋಗಿ ಬರಲು 4,400. ಸಾಕಲ್ಲ ಎನಿಸುತ್ತದೆ. ಆದರೆ ಶತ್ರುವಿನ ದ್ವೀಪದ ಹತ್ತಿರ ಯಾವ ಯುದ್ಧನೌಕೆಯೂ 14 ನಾಟ್‌ನಲ್ಲಿ ತೆವಳುವುದಿಲ್ಲ. ಕತ್ತಲಾದ ಮೇಲೆ ಧಾವಿಸಿ ಬರಬೇಕು, ಬೆಳಗಾಗುವುದರೊಳಗೆ ವಿಮಾನಗಳ ಕೈಗೆ ಸಿಗದಷ್ಟು ದೂರ ಓಡಬೇಕು. ನೀರಿನ ನಿಯಮ ಕಾಡುವುದು ಇಲ್ಲೇ. ಹಡಗಿನ ವೇಗ ಎರಡು ಪಟ್ಟಾದರೆ ಎಂಜಿನ್ ಒದಗಿಸಬೇಕಾದ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ದೂರವನ್ನು ಅರ್ಧ ಹೊತ್ತಿನಲ್ಲಿ ಕ್ರಮಿಸುವುದರಿಂದ ಪ್ರತಿ ಮೈಲಿಗೆ ಸುಡುವ ಎಣ್ಣೆ ನಾಲ್ಕು ಪಟ್ಟು. 5,000 ಮೈಲಿಯ ಟ್ಯಾಂಕು 28 ನಾಟ್‌ನಲ್ಲಿ ಹೆಚ್ಚುಕಡಿಮೆ 1,250 ಮೈಲಿಗೇ ಬರಿದಾಗುತ್ತದೆ. ಮೇಲೆ ಚಳಿಗಾಲದ ಪೆಸಿಫಿಕ್‌ನ ಎದುರಲೆ, ಎದುರುಗಾಳಿ ಬೇರೆ. ಹಾಗಾಗಿ ದಾರಿಯಲ್ಲೇ ಎಣ್ಣೆ ತುಂಬಿಸುವವರು ಬೇಕೇ ಬೇಕು.

ಶಿರಿಯಾ ಅಂಥ ಕೆಲಸಕ್ಕೆಂದೇ 1920ರ ದಶಕದ ಆರಂಭದಲ್ಲಿ ಯೊಕೊಹಾಮಾದಲ್ಲಿ ಕಟ್ಟಿದ ಹಡಗು. ಉದ್ದ ಸುಮಾರು 140 ಮೀಟರ್, ವೇಗ ಸುಮಾರು 14 ನಾಟ್, ಹೊರುತ್ತಿದ್ದ ಎಣ್ಣೆ ಸುಮಾರು 8,000 ಟನ್. ಇಂದಿನ ದೈತ್ಯ ಟ್ಯಾಂಕರುಗಳು ಮೂರು ಲಕ್ಷ ಟನ್ ಹೊರುತ್ತವೆ, ಅವುಗಳೆದುರು ಇದು ಪುಟ್ಟದು. ಆದರೆ ಉಶಿಯೊದಂಥ ನೌಕೆಯ ಟ್ಯಾಂಕನ್ನು ಹದಿನಾರು ಸಲ ತುಂಬಿಸಲು ಇದೊಂದೇ ಸಾಕಿತ್ತು. ಈ ಗುಂಪಿನ ಹಡಗುಗಳಿಗೆ ಜಪಾನಿನ ಭೂಶಿರ, ಜಲಸಂಧಿಗಳ ಹೆಸರಿಡುವ ರೂಢಿ ಇತ್ತು. ಹೊನ್ಶೂ ದ್ವೀಪದ ಈಶಾನ್ಯ ತುದಿಯ ಭೂಶಿರ ಶಿರಿಯಾ, ಹೊಕ್ಕೈಡೋದ ಎರಿಮೊ, ಕ್ಯೂಶೂ ದಕ್ಷಿಣ ತುದಿಯ ಸಾಟಾ, ಸುಳಿಗಳಿಗೆ ಹೆಸರಾದ ನಾರುಟೊ ಜಲಸಂಧಿ, ಹೀಗೆ.

ಟ್ಯಾಂಕರ್ ಎಂದರೆ ಒಂದು ದೊಡ್ಡ ತೊಟ್ಟಿಗೆ ಎಂಜಿನ್ ಕಟ್ಟಿದ್ದು ಎಂದು ತಿಳಿಯಬಾರದು. ತುಂಬಿದ ಕೊಡ ತುಳುಕುವುದಿಲ್ಲ, ಅರ್ಧ ಕೊಡ ತುಳುಕುತ್ತದೆ. ಹಡಗಿನೊಳಗೆ ಈ ಮಾತು ಜೀವನ್ಮರಣದ ಪ್ರಶ್ನೆ. ಹಡಗು ಎಡಕ್ಕೆ ವಾಲಿದಾಗ ಅರೆತುಂಬಿದ ತೊಟ್ಟಿಯ ಎಣ್ಣೆಯೂ ಎಡಕ್ಕೆ ಹರಿಯುತ್ತದೆ, ಅದರ ಭಾರ ಹಡಗನ್ನು ಮತ್ತಷ್ಟು ವಾಲಿಸುತ್ತದೆ. ತೊಟ್ಟಿ ಅಗಲವಾದಷ್ಟೂ ಅಪಾಯ ಹೆಚ್ಚು, ಅದೂ ಅಗಲದ ಘನದ ಲೆಕ್ಕದಲ್ಲಿ. ಅಗಲವನ್ನು ನಡುವೆ ಗೋಡೆ ಹಾಕಿ ಅರ್ಧ ಮಾಡಿದರೆ ಪ್ರತಿ ಭಾಗದ ಹೊಯ್ದಾಟ ಎಂಟನೇ ಒಂದಕ್ಕೆ ಇಳಿಯುತ್ತದೆ, ಎರಡೂ ಭಾಗ ಸೇರಿದರೆ ನಾಲ್ಕನೇ ಒಂದು. ಆದ್ದರಿಂದಲೇ ಟ್ಯಾಂಕರಿನ ಹೊಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಉಕ್ಕಿನ ಗೋಡೆಗಳಿಂದ ಕೋಣೆ ಕೋಣೆಯಾಗಿ ಸೀಳಿರುತ್ತಾರೆ. ಯುದ್ಧದಲ್ಲಿ ಈ ಗೋಡೆಗಳಿಂದ ಇನ್ನೊಂದು ಲಾಭವೂ ಇತ್ತು. ಒಂದು ಕೋಣೆಗೆ ತೂತು ಬಿದ್ದರೆ ಉಳಿದವು ತೇಲಿಸುತ್ತವೆ.

ಎಣ್ಣೆಯ ಸ್ವಭಾವವೂ ಸುಲಭದ್ದಲ್ಲ. ಬಾಯ್ಲರಿಗೆ ಹಾಕುವ ಫರ್ನೇಸ್ ಆಯಿಲ್ ಕಪ್ಪಗೆ, ಮಂದವಾಗಿರುತ್ತದೆ. ಬಿಸಿಲಿನ ಸೀಮೆಯಲ್ಲಿ ಇಪ್ಪತ್ತು ಡಿಗ್ರಿ ಕಾವೇರಿದರೆ ಅದು ಶೇಕಡ ಒಂದಕ್ಕೂ ಹೆಚ್ಚು ಹಿಗ್ಗುತ್ತದೆ. 8,000 ಟನ್ನಿನ ಸರಕಿಗೆ ಇದು ನೂರು ಟನ್ನಿನಷ್ಟು ಜಾಗ, ಅದನ್ನು ಮೊದಲೇ ಖಾಲಿ ಬಿಟ್ಟಿರಬೇಕು. ಉತ್ತರದ ತಣ್ಣನೆಯ ಸಮುದ್ರಕ್ಕೆ ಹೋದರೆ ಅದೇ ಎಣ್ಣೆ ಗಟ್ಟಿಯಾಗಿ ಪಂಪಿಗೆ ಏಳುವುದೇ ಇಲ್ಲ. ಟ್ಯಾಂಕಿನ ತಳದಲ್ಲಿ ಸುತ್ತಿಸಿದ ಕೊಳವೆಗಳಲ್ಲಿ ಆವಿ ಹಾಯಿಸಿ ಅದನ್ನು ಬೆಚ್ಚಗಿಡಬೇಕು. ಎಣ್ಣೆ ಇಳಿಸಿ ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದನ್ನು ಟ್ಯಾಂಕರ್ ನಾವಿಕರು ಬೇಗ ಕಲಿಯುತ್ತಾರೆ. ದ್ರವ ಎಣ್ಣೆ ಸಿಡಿಯುವುದಿಲ್ಲ. ಗಾಳಿಯೊಡನೆ ಹದವಾಗಿ ಬೆರೆತ ಅದರ ಆವಿ ಸಿಡಿಯುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿ ತಂದ ಎಣ್ಣೆಯನ್ನು ನಡುಸಮುದ್ರದಲ್ಲಿ ಇನ್ನೊಂದು ಹಡಗಿಗೆ ದಾಟಿಸುವುದಿದೆಯಲ್ಲ, ನನ್ನ ಮಟ್ಟಿಗೆ ನೌಕಾಯಾನದ ಅತ್ಯಂತ ಕಷ್ಟದ ಕುಶಲ ಕೆಲಸಗಳಲ್ಲಿ ಅದೊಂದು. ನಿಂತ ಹಡಗು ಜಲಾಂತರ್ಗಾಮಿಗೆ ಸುಲಭದ ತುತ್ತು, ಅಲೆಗೆ ಸಿಕ್ಕಿ ಅಡ್ಡಡ್ಡ ಹೊರಳುವುದೂ ಹೆಚ್ಚು. ಅದಕ್ಕೆ ಎರಡೂ ಹಡಗುಗಳು ಸಾಗುತ್ತಲೇ ಇರಬೇಕು. ಒಂದು ವಿಧಾನದಲ್ಲಿ ಒಂದು ಹಡಗು ಇನ್ನೊಂದರ ಹಿಂದೆ ನಡೆಯುತ್ತದೆ. ನಡುವೆ ದಪ್ಪ ಹಗ್ಗ, ಹಗ್ಗದ ಜೊತೆಗೆ ರಬ್ಬರಿನ ಹೋಸ್. ಡಿಕ್ಕಿಯ ಭಯ ಕಡಿಮೆ, ಆದರೆ ಎಣ್ಣೆ ನಿಧಾನ. ಜಪಾನಿನವರು ದೊಡ್ಡ ಹಡಗುಗಳಿಗೆ ಬಹುಕಾಲ ಇದನ್ನೇ ನೆಚ್ಚಿದ್ದರು. ಡಿಸ್ಟ್ರಾಯರುಗಳು ಮಾತ್ರ ಟ್ಯಾಂಕರಿನ ಪಕ್ಕಕ್ಕೇ ಬಂದು, ಕೆಲವೇ ಮೀಟರ್ ಅಂತರದಲ್ಲಿ ಜೊತೆ ಸಾಗುತ್ತಿದ್ದವು.

ಆ ಕೆಲವು ಮೀಟರುಗಳ ನಡುವೆ ನಡೆಯುವುದನ್ನು ಗಮನಿಸಿ. ಎರಡು ಹಡಗುಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ಹೊರಗಿಗಿಂತ ವೇಗವಾಗಿ ನುಗ್ಗುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಸಿಯುತ್ತದೆ ಎಂದು ಬರ್ನೌಲಿ ತೋರಿಸಿಕೊಟ್ಟಿದ್ದಾನೆ. ಹೊರಬದಿಯ ಹೆಚ್ಚಿನ ಒತ್ತಡ ಎರಡು ಹಡಗುಗಳ ನಡುಮೈಯನ್ನು ಒಂದರತ್ತ ಒಂದು ತಳ್ಳುತ್ತದೆ. ಅದೇ ಹೊತ್ತಿಗೆ ಮೂತಿಯ ಮುಂದೆ ದಬ್ಬಿಕೊಂಡ ನೀರು ಎರಡೂ ಮೂತಿಗಳನ್ನು ದೂರ ನೂಕುತ್ತದೆ. ಚುಕ್ಕಾಣಿ ಹಿಡಿದವನು ಈ ಎರಡು ಸೆಳೆತಗಳ ನಡುವೆ ಗಂಟೆಗಟ್ಟಲೆ ಅರ್ಧ ಡಿಗ್ರಿ, ಒಂದು ಡಿಗ್ರಿ ತಿದ್ದುತ್ತಲೇ ಇರಬೇಕು. ಎಂಜಿನ್ ಕೋಣೆಯವರು ಪ್ರೊಪೆಲ್ಲರಿನ ಸುತ್ತುಗಳನ್ನು ಒಂದೆರಡರ ಲೆಕ್ಕದಲ್ಲಿ ಏರಿಸಿ ಇಳಿಸುತ್ತಿರಬೇಕು. ಅಲೆಗೆ ಒಂದು ಹಡಗು ಏರಿದಾಗ ಇನ್ನೊಂದು ಇಳಿಯುತ್ತದೆ. ಹೋಸನ್ನು ಸಡಿಲ ಬಿಟ್ಟರೆ ನೀರಿಗೆ ಬಿದ್ದು ಎಳೆದುಹೋಗುತ್ತದೆ, ಬಿಗಿ ಹಿಡಿದರೆ ಹರಿದು ಡೆಕ್ಕಿನ ಮೇಲೆಲ್ಲ ಎಣ್ಣೆ ಚಿಮ್ಮುತ್ತದೆ. ಬಿಗಿದ ಹಗ್ಗ ತುಂಡಾದರೆ ಅದರ ತುದಿ ಹತ್ತಿರ ನಿಂತವನ ಕಾಲು ಮುರಿಯುವಷ್ಟು ಜೋರಾಗಿ ಬೀಸುತ್ತದೆ. ಇದನ್ನು ಹಿಮಗಾಳಿಯಲ್ಲಿ, ಎಣ್ಣೆಗೆ ಜಾರುವ ಡೆಕ್ಕಿನ ಮೇಲೆ ನಿಂತು ಮಾಡಬೇಕಿತ್ತು.

ಪರ್ಲ್ ಹಾರ್ಬರ್‌ಗೆ ಹೊರಟ ಮುಖ್ಯ ಪಡೆಗೂ ಬೇರೆ ದಾರಿ ಇರಲಿಲ್ಲ. 1941ರ ನವೆಂಬರ್ 26ರಂದು ಕುರಿಲ್ ದ್ವೀಪಗಳ ಹಿತೊಕಪ್ಪು ಕೊಲ್ಲಿಯಿಂದ ಆರು ವಿಮಾನವಾಹಕ ನೌಕೆಗಳು ಹೊರಟಾಗ ಅವುಗಳ ಹಿಂದೆ ಏಳು ಟ್ಯಾಂಕರುಗಳಿದ್ದವು. ಅವು ಖಾಸಗಿ ಕಂಪನಿಗಳಿಂದ ಪಡೆದ, ಶಿರಿಯಾಕ್ಕಿಂತ ಹೊಸ, ವೇಗದ ಹಡಗುಗಳು. ಅಷ್ಟಾದರೂ ಸಾಲದೆಂದು ಅಕಾಗಿ, ಸೊರ್ಯು, ಹಿರ್ಯು ನೌಕೆಗಳಲ್ಲಿ ಎಣ್ಣೆಯ ಡ್ರಮ್ಮುಗಳನ್ನು ಪೇರಿಸಿದ್ದರು.

ಈ ಯುದ್ಧಕ್ಕೆ ಮೂಲವೇ ಎಣ್ಣೆ. ಜಪಾನಿನ ನೆಲದಲ್ಲಿ ಸಿಗುತ್ತಿದ್ದದ್ದು ಅತ್ಯಲ್ಪ, ಬೇಕಾದದ್ದರಲ್ಲಿ ಸುಮಾರು ಶೇಕಡ 80 ಅಮೆರಿಕದಿಂದ ಬರುತ್ತಿತ್ತು. ಶಾಂತಿಕಾಲದಲ್ಲಿ ಕ್ಯಾಲಿಫೋರ್ನಿಯಾದ ಎಣ್ಣೆಯನ್ನು ಹೊತ್ತು ತಂದು ಟೊಕುಯಾಮಾದ ನೌಕಾ ಉಗ್ರಾಣಕ್ಕೆ ಸುರಿಯುವುದೇ ನೌಕಾಪಡೆಯ ಟ್ಯಾಂಕರುಗಳ ದಿನನಿತ್ಯದ ಕೆಲಸವಾಗಿತ್ತು. 1941ರ ಆಗಸ್ಟ್‌ನಲ್ಲಿ ಅಮೆರಿಕ ಆ ನಲ್ಲಿ ಮುಚ್ಚಿತು. ಮರುವರ್ಷ ಜಪಾನ್ ಬೋರ್ನಿಯೋದ ತಾರಾಕಾನ್, ಬಾಲಿಕ್‌ಪಾಪನ್, ಸುಮಾತ್ರಾದ ಪಾಲೆಂಬಾಂಗ್ ಬಾವಿಗಳನ್ನು ಹಿಡಿದುಕೊಂಡಿತು. ಬಾವಿ ಸಿಕ್ಕಿತು, ಆದರೆ ಬಾವಿಯಿಂದ ಟೋಕಿಯೋಗೆ ಸಾವಿರಾರು ಮೈಲಿ ಸಮುದ್ರ. ಆ ದಾರಿಯ ಪ್ರತಿ ಪೀಪಾಯಿಯೂ ಟ್ಯಾಂಕರಿನಲ್ಲೇ ಬರಬೇಕು.

ಟ್ಯಾಂಕರುಗಳ ಕಾವಲನ್ನು ಜಪಾನಿನ ನೌಕಾಪಡೆ ಎರಡನೇ ದರ್ಜೆಯ ಕೆಲಸವೆಂದೇ ಎಣಿಸಿತು. ನನ್ನ ಅಭಿಪ್ರಾಯದಲ್ಲಿ ಅದರ ಅತಿ ದೊಡ್ಡ ತಪ್ಪು ಇದೇ. ಸರಕು ಹಡಗುಗಳ ಕಾವಲಿಗೆಂದೇ ಒಂದು ಸಮಗ್ರ ದಂಡನಾಯಕತ್ವ ಹುಟ್ಟಿದ್ದು 1943ರ ನವೆಂಬರ್‌ನಲ್ಲಿ, ಯುದ್ಧ ಶುರುವಾಗಿ ಎರಡು ವರ್ಷವಾಗುತ್ತ ಬಂದಾಗ. ಅಷ್ಟು ಹೊತ್ತಿಗೆ ಅಮೆರಿಕನ್ನರು ಸರಕು ಹಡಗುಗಳ ಸಂಕೇತಲಿಪಿಯನ್ನು ಒಡೆದು, ಯಾವ ತಂಡ ಮಧ್ಯಾಹ್ನ ಎಲ್ಲಿರುತ್ತದೆ ಎಂಬುದನ್ನು ಓದುತ್ತಿದ್ದರು.

ಅಷ್ಟು ದಿನ ಟ್ಯಾಂಕರುಗಳನ್ನು ಉಳಿಸಿದ್ದಕ್ಕೆ ಅಮೆರಿಕದ ಕೆಟ್ಟ ಟಾರ್ಪಿಡೋಗಳ ಪಾಲೂ ದೊಡ್ಡದು. 1943ರ ಜುಲೈ 24ರಂದು ಟಿನೋಸಾ ಎಂಬ ಜಲಾಂತರ್ಗಾಮಿ, ಟ್ಯಾಂಕರಾಗಿ ದುಡಿಯುತ್ತಿದ್ದ ತಿಮಿಂಗಿಲ ಬೇಟೆಯ ದೊಡ್ಡ ಹಡಗು ಮೂರನೇ ಟೊನಾನ್ ಮಾರುವನ್ನು ಟ್ರಕ್ ದ್ವೀಪದ ಬಳಿ ತಡೆದು ನಿಲ್ಲಿಸಿತು. ನಿಂತ ಹಡಗಿಗೆ ನೇರ ಲಂಬಕೋನದಲ್ಲಿ ಒಂದರ ಹಿಂದೊಂದು ಟಾರ್ಪಿಡೋ ಬಿಟ್ಟಿತು. ಎಲ್ಲವೂ ತಾಗಿದವು, ಒಂದೂ ಸಿಡಿಯಲಿಲ್ಲ. ಕಪ್ತಾನ ಕೊನೆಯದೊಂದನ್ನು ಪರೀಕ್ಷೆಗೆಂದು ಉಳಿಸಿಕೊಂಡು ಹವಾಯಿಗೆ ಮರಳಿದ. ಅಲ್ಲಿ ಸಿಡಿತಲೆಗಳನ್ನು ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಿದಾಗ ಕಾರಣ ಸಿಕ್ಕಿತು. ನೇರ ಹೊಡೆತದ ರಭಸಕ್ಕೆ ಸಿಡಿಗುಂಡಿಯ ಸೂಜಿಯೇ ಸೊಟ್ಟಗಾಗಿ ಸಿಕ್ಕಿಕೊಳ್ಳುತ್ತಿತ್ತು. ಓರೆಯಾಗಿ ತಾಗಿದಾಗ ಮಾತ್ರ ಅದು ಕೆಲಸ ಮಾಡುತ್ತಿತ್ತು. ಹಗುರ ಲೋಹದ ಸೂಜಿ ಮಾಡಿಸಿದರು, ಅದು ಬರುವವರೆಗೆ ಓರೆಯಾಗಿ ಗುರಿಯಿಡಿ ಎಂದು ಕಪ್ತಾನರಿಗೆ ಹೇಳಿದರು.

ಶಿರಿಯಾದ ಸರದಿ ಎರಡು ತಿಂಗಳ ಬಳಿಕ ಬಂತು. 1943ರ ಸೆಪ್ಟೆಂಬರ್ 21ರ ರಾತ್ರಿ ತೈವಾನಿನ ಉತ್ತರಕ್ಕೆ, ಪೂರ್ವ ಚೀನಾ ಸಮುದ್ರದಲ್ಲಿ, ಮೂರು ಟ್ಯಾಂಕರು, ಮೂರು ಸರಕು ಹಡಗುಗಳ ತಂಡ ಟ್ರಿಗರ್ ಎಂಬ ಜಲಾಂತರ್ಗಾಮಿಯ ಕಣ್ಣಿಗೆ ಬಿತ್ತು. ಟಾರ್ಪಿಡೋ ತಾಗಿದ ಟ್ಯಾಂಕರಿನ ಬೆಂಕಿ ಎಷ್ಟು ಪ್ರಖರವಾಗಿತ್ತೆಂದರೆ ಪಕ್ಕದ ಹಡಗುಗಳ ಡೆಕ್ಕಿನಲ್ಲಿ ಜನ ಗಾಬರಿಯಿಂದ ಓಡುವುದು ಟ್ರಿಗರ್‌ನವರಿಗೆ ಕಂಡಿತು. ಆ ರಾತ್ರಿಯ ದಾಳಿಯಲ್ಲಿ ಶಿರಿಯಾ ಮುಳುಗಿತು. ಅದರ ಜೊತೆಗಾರ ಎರಿಮೊ ಹಿಂದಿನ ವರ್ಷವೇ ಹೋಗಿತ್ತು. ಅದೇ ಗುಂಪಿನ ಇರೊ, ಸಾಟಾ ಎರಡೂ 1944ರ ಮಾರ್ಚ್ ಕೊನೆಯ ವಿಮಾನ ದಾಳಿಯಲ್ಲಿ ಪಲಾವು ಬಂದರಿನಲ್ಲಿ ಮುಳುಗಿದವು. ಟ್ರಿಗರ್ ಕೂಡ ಉಳಿಯಲಿಲ್ಲ. 1945ರ ಮಾರ್ಚ್‌ನಲ್ಲಿ ಅದೇ ಪೂರ್ವ ಚೀನಾ ಸಮುದ್ರದಲ್ಲಿ ಎಲ್ಲ ಸಿಬ್ಬಂದಿಯೊಡನೆ ಇಲ್ಲವಾಯಿತು.

ಟ್ಯಾಂಕರುಗಳು ಕರಗಿದಂತೆ ನೌಕಾಪಡೆಯ ನಡಿಗೆಯೇ ಬದಲಾಯಿತು. ತಾರಾಕಾನ್‌ನ ಕಚ್ಚಾ ಎಣ್ಣೆ ಶುದ್ಧೀಕರಿಸದೆ ನೇರ ಬಾಯ್ಲರಿಗೆ ಹಾಕಬಹುದಾದಷ್ಟು ಒಳ್ಳೆಯದು, ಆದರೆ ಅದರ ಆವಿ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಅಪಾಯ ಗೊತ್ತಿದ್ದೂ 1944ರಲ್ಲಿ ಯುದ್ಧನೌಕೆಗಳು ಅದನ್ನೇ ತುಂಬಿಕೊಂಡವು. ಆ ವರ್ಷ ಜೂನ್ 20ರ ಸಂಜೆ ಫಿಲಿಪ್ಪೀನ್ ಸಮುದ್ರದಲ್ಲಿ ಅಮೆರಿಕದ ವಿಮಾನಗಳು ವಿಮಾನವಾಹಕಗಳ ಜೊತೆಗೆ ಟ್ಯಾಂಕರುಗಳಿಗೂ ಗುರಿಯಿಟ್ಟವು. ಗೆನ್ಯೊ ಮಾರು, ಸೆಯ್ಯೊ ಮಾರು ಎರಡೂ ನಾಶವಾದವು. ಅನಂತರ ಎಣ್ಣೆಯನ್ನು ಜಪಾನಿಗೆ ತರಲಾಗದೆ ದೊಡ್ಡ ಯುದ್ಧನೌಕೆಗಳನ್ನೇ ಎಣ್ಣೆಯ ಬಳಿಗೆ, ಸಿಂಗಾಪುರದ ಹತ್ತಿರದ ಲಿಂಗಾಕ್ಕೆ ಕಳಿಸಿದರು. ಪೈಲಟ್ಟುಗಳ ತರಬೇತಿಗಾಗಿ ವಿಮಾನವಾಹಕಗಳು ಜಪಾನಿನಲ್ಲೇ ಉಳಿದವು. ಅಕ್ಟೋಬರ್‌ನಲ್ಲಿ ಲೇಟೆ ಕೊಲ್ಲಿಯ ಕದನಕ್ಕೆ ಒಂದೇ ನೌಕಾಪಡೆ ಸಾವಿರಾರು ಮೈಲಿ ದೂರದ ಎರಡು ದಿಕ್ಕುಗಳಿಂದ ಹೊರಟು ಬರಬೇಕಾಯಿತು.

1945ರ ವಸಂತದ ಹೊತ್ತಿಗೆ ದಕ್ಷಿಣದ ಎಣ್ಣೆ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಜಪಾನಿನ ಹಳ್ಳಿಗಳಲ್ಲಿ ಶಾಲೆಯ ಮಕ್ಕಳನ್ನೂ ಸೇರಿಸಿ ಜನರನ್ನು ಪೈನ್ ಮರದ ಬೇರು ಅಗೆಯಲು ಕಳಿಸಿದರು. ಅಗೆದ ಬೇರುಗಳನ್ನು ಕಡಾಯಿಗಳಲ್ಲಿ ಕಾಯಿಸಿ, ಇಳಿದ ಎಣ್ಣೆಯಿಂದ ವಿಮಾನದ ಇಂಧನ ಮಾಡುವ ಯೋಜನೆ ಅದು. ಎಣ್ಣೆಯೇನೋ ಇಳಿಯಿತು. ಅದನ್ನು ವಿಮಾನಕ್ಕೆ ಒಗ್ಗುವಂತೆ ಶುದ್ಧೀಕರಿಸುವ ಕೆಲಸ ಒಂದು ಹದಕ್ಕೆ ಬರುವುದರೊಳಗೆ ಯುದ್ಧ ಮುಗಿದಿತ್ತು.