ಬಿಎ ರಾಜ್ಯಶಾಸ್ತ್ರ: ಫೀ ಎಷ್ಟು ಅಂತ ಕೇಳಬೇಡಿ, ಖರ್ಚು ಎಷ್ಟು ಅಂತ ಕೇಳಿ

ಪಿಯುಸಿ ಫಲಿತಾಂಶದ ವಾರ ಬಂತು ಅಂದ್ರೆ ಟಿವಿಯಲ್ಲಿ ಸಿಇಟಿ, ನೀಟ್, ಕಟ್‌ಆಫ್ ಇವುಗಳದ್ದೇ ಮಾತು. ಕಲಾ ವಿಭಾಗದಲ್ಲಿ ಪಾಸಾಗಿ ಬಿಎ ಸೇರಬೇಕು ಅಂತ ಕೂತಿರುವ ಮಕ್ಕಳಿಗೆ ದಾರಿ ತೋರಿಸುವ ಕಾರ್ಯಕ್ರಮ ಅಪರೂಪ. ಇವತ್ತು ಅವರ ಲೆಕ್ಕ ಮಾಡೋಣ. ಅದೂ ಬೆಂಗಳೂರಿನಲ್ಲಿ ಕೂತು ಹೇಳುವ ಲೆಕ್ಕ ಬೇಡ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲ್ಲೂಕುಗಳ ಒಬ್ಬ ಹುಡುಗ ಅಥವಾ ಹುಡುಗಿ ಕಡಿಮೆ ಖರ್ಚಿನಲ್ಲಿ ರಾಜ್ಯಶಾಸ್ತ್ರದ ಪದವಿ ಪಡೆಯೋದು ಹೇಗೆ ಅನ್ನೋದಷ್ಟೇ ಪ್ರಶ್ನೆ.

ಈ ಮೂರೇ ತಾಲ್ಲೂಕು ಯಾಕೆ? ಇಲ್ಲಿ ಚಹಾದ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಸಾಕು, ರಾಜಕಾರಣದ ಮಾತು ಬಂದೇ ಬರುತ್ತದೆ. ಆದರೆ ಮಗಳು ರಾಜ್ಯಶಾಸ್ತ್ರ ಓದ್ತೀನಿ ಅಂದ್ರೆ ಅದೇ ಮಂದಿ, "ರಾಜಕೀಯ ಮಾಡಾಕ ಡಿಗ್ರಿ ಯಾಕ ಬೇಕವ್ವಾ?" ಅಂತಾರೆ.

ಉತ್ತರ ಗೋಕಾಕದಲ್ಲೇ ಇದೆ. 2019ರ ಜುಲೈನಲ್ಲಿ ಅಂದಿನ ಸ್ಪೀಕರ್ ರಮೇಶ್ ಕುಮಾರ್ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ಅವರಲ್ಲಿ ಗೋಕಾಕದ ರಮೇಶ ಜಾರಕಿಹೊಳಿಯವರೂ ಒಬ್ಬರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ಹೇಳಿತು. ಡಿಸೆಂಬರ್ 5ಕ್ಕೆ ಉಪಚುನಾವಣೆ ನಡೆಯಿತು, ಅವರು ಬಿಜೆಪಿಯಿಂದ ನಿಂತು ಗೆದ್ದರು. ಯಾರು ಗೆದ್ದರು ಅನ್ನೋದು ಊರಿಗೆಲ್ಲ ಗೊತ್ತು. ಅನರ್ಹರಾದವರು ನಾಲ್ಕೇ ತಿಂಗಳಿಗೆ ಅದೇ ಕ್ಷೇತ್ರದಲ್ಲಿ ಹೇಗೆ ನಿಂತರು? ಅದಕ್ಕೆ ಸಂವಿಧಾನದ ಹತ್ತನೇ ಅನುಸೂಚಿ ಓದಬೇಕು. ನಾನು ಓದಿದ್ದು ಎಂಜಿನಿಯರಿಂಗ್. ಆ ಅನುಸೂಚಿಯನ್ನು ಕಲಿತಿದ್ದು ಕೆಲಸಕ್ಕೆ ಸೇರಿದ ಮೇಲೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಅದು ತರಗತಿಯ ಪಾಠ.

ಇನ್ನೊಂದು ಉದಾಹರಣೆ. 2025ರ ನವೆಂಬರ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಬೇಕು ಅಂತ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕೂತರು. ಕಬ್ಬಿನ ಎಫ್‌ಆರ್‌ಪಿ ನಿಗದಿ ಮಾಡೋದು ಕೇಂದ್ರ ಸರ್ಕಾರ. ರೈತ ರಸ್ತೆಗಿಳಿದಾಗ ಮಾತುಕತೆಗೆ ಬರಬೇಕಾದ್ದು ರಾಜ್ಯ ಸರ್ಕಾರ. ದುಡ್ಡು ಕೊಡಬೇಕಾದ್ದು ಕಾರ್ಖಾನೆ. ಯಾರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾಗೋದೇ ಈ ಓದಿನಿಂದ. ಹಾಗಾಗಿ ಕಬ್ಬು ಬೆಳೆಯುವ ಮನೆಯ ಮಕ್ಕಳಿಗೆ ಇದು ಉಪಯೋಗವಿಲ್ಲದ ವಿಷಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸರಿ, ಈಗ ಲೆಕ್ಕಕ್ಕೆ ಬರೋಣ.

ಮೊದಲ ಮಾತು. ಇಲ್ಲಿನ ಕಾಲೇಜುಗಳಲ್ಲಿ ನೀವು ಸೇರೋದು ಬಿಎಗೆ, ರಾಜ್ಯಶಾಸ್ತ್ರ ಅದರಲ್ಲಿ ಒಂದು ವಿಷಯ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಆಯ್ಕೆ, ಎರಡು ಮುಖ್ಯ ವಿಷಯ ಅಂತ ಆಗಿತ್ತು. 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯದ ಪದ್ಧತಿಗೆ ಬಂದಿದೆ. ಅಣ್ಣ, ಅಕ್ಕ ಓದಿದ ಪದ್ಧತಿಯೇ ಈಗಲೂ ಇದೆ ಅಂದುಕೊಂಡು ಹೋಗಬೇಡಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಅಂದರೆ ಎಚ್‌ಇಪಿ, ಎಲ್ಲರಿಗೂ ಗೊತ್ತಿರುವ ಕಾಂಬಿನೇಶನ್. ನಿಮ್ಮ ಊರಿನ ಕಾಲೇಜಿನಲ್ಲಿ ಈ ವರ್ಷ ಅದು ಇದೆಯಾ ಅಂತ ಮೊದಲು ನೋಡಿ. ಅರ್ಜಿ ಹಾಕೋದು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ.

ಎರಡನೆಯದು ಕಾಲೇಜಿನ ಜಾತಿ. ಗಾಬರಿಯಾಗಬೇಡಿ, ಸರ್ಕಾರಿಯೋ, ಅನುದಾನಿತವೋ, ಅನುದಾನರಹಿತವೋ ಅಂತ ಕೇಳ್ತಿದ್ದೀನಿ. ಮೂಡಲಗಿಯಲ್ಲಿ ಶ್ರೀಪಾದಬೋಧ ಸ್ವಾಮೀಜಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಖಾಸಗಿ ಆಡಳಿತ ಮಂಡಳಿಗಳು ನಡೆಸುವ ಕಾಲೇಜುಗಳೂ ಇವೆ: ಗೋಕಾಕದಲ್ಲಿ ಜೆ.ಎಸ್.ಎಸ್. ಕಾಲೇಜು, ಮೂಡಲಗಿಯಲ್ಲಿ ಎಂ.ಇ.ಎಸ್. ಕಾಲೇಜು, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಎಸ್.ಎಸ್. ಕಲಾ ಕಾಲೇಜು. ಯಾವುದಕ್ಕೆ ಸೇರಿದರೂ ಪದವಿ ಪ್ರಮಾಣಪತ್ರ ಕೊಡೋದು 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೇ. ಸರ್ಟಿಫಿಕೇಟ್ ಒಂದೇ ಅಂದಮೇಲೆ, ದೊಡ್ಡ ಕಟ್ಟಡ ನೋಡಿ ಹೆಚ್ಚು ದುಡ್ಡು ಕಟ್ಟುವ ಮೊದಲು ಒಮ್ಮೆ ಯೋಚಿಸಿ. ಒಂದು ಕಿವಿಮಾತು: ಅನುದಾನಿತ ಕಾಲೇಜಿನೊಳಗೇ ಕೆಲವು ಕೋರ್ಸುಗಳು ಅನುದಾನರಹಿತ ಇರಬಹುದು. ನೀವು ಸೇರುವ ಕಾಂಬಿನೇಶನ್ ಯಾವ ಲೆಕ್ಕದಲ್ಲಿದೆ ಅಂತ ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ.

ಮೂರನೆಯದು, ಫೀ ಅಲ್ಲದ ಖರ್ಚು. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಹಾಗಂತ ಎಲ್ಲವೂ ಪುಕ್ಕಟೆ ಅಲ್ಲ, ಪರೀಕ್ಷಾ ಶುಲ್ಕ, ನೋಂದಣಿ, ಪುಸ್ತಕ ಇದ್ದೇ ಇರುತ್ತವೆ. ಆದರೆ ಬಿಎ ಓದಿನಲ್ಲಿ ಜೇಬು ಖಾಲಿ ಮಾಡೋದು ಇವಲ್ಲ. ಬಸ್ಸು, ರೂಮು, ಊಟ. ಅದೇ ವಿಷಯ ತಾಲ್ಲೂಕಿನಲ್ಲಿ ಸಿಗುವಾಗ ಬೆಳಗಾವಿಗೋ ಧಾರವಾಡಕ್ಕೋ ಹೋಗಿ ರೂಮು ಮಾಡಿದರೆ, ಕಾಲೇಜಿನ ಫೀಗಿಂತ ಮನೆ ಬಾಡಿಗೆಯೇ ಜಾಸ್ತಿಯಾದೀತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ. ಹಾಗಾಗಿ ಮನೆಯಿಂದ ಹೋಗಿ ಬರುವ ಕಾಲೇಜೇ ಅಗ್ಗ. ಆದರೆ ಕೊನೆಯ ಪಿರಿಯಡ್ ಮುಗಿದ ಮೇಲೆ ನಿಮ್ಮ ಹಳ್ಳಿಗೆ ಬಸ್ಸು ಇದೆಯಾ? ಸೇರುವ ಮೊದಲೇ ಆ ದಾರಿಯಲ್ಲಿ ಒಂದು ದಿನ ಹೋಗಿ ಬನ್ನಿ. ಬಸ್ಸಿಲ್ಲದ ಕಾರಣಕ್ಕೆ ಓದು ನಿಂತರೆ ಮೊದಲು ನಿಲ್ಲೋದು ಹುಡುಗಿಯದ್ದು. "ಸಾಕ ಬಿಡವ್ವಾ, ಮನ್ಯಾಗಿರು" ಅನ್ನೋದಕ್ಕೆ ಒಂದು ನೆಪ ಸಾಕು.

ನಾಲ್ಕನೆಯದು ವಿದ್ಯಾರ್ಥಿವೇತನ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗಿಷ್ಟು ಅಂತ ಹತ್ತು ತಿಂಗಳು ನೆರವು ಸಿಗುತ್ತದೆ. 2021ರಲ್ಲಿ ಘೋಷಣೆಯಾದ ರೈತ ವಿದ್ಯಾನಿಧಿಯಲ್ಲಿ ಬಿಎ ಹುಡುಗರಿಗೆ 5,000, ಹುಡುಗಿಯರಿಗೆ 5,500 ನಿಗದಿಯಾಗಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆ ನಡೆಸ್ತಿದೆ. ಇವೆಲ್ಲ ಒಬ್ಬರಿಗೇ ಸಿಗೋದಿಲ್ಲ, ಒಂದೊಂದಕ್ಕೂ ಆದಾಯದ ಮಿತಿ, ಶರತ್ತು ಇವೆ. ಅರ್ಜಿ ಹಾಕುವ ವರ್ಷದ ಆದೇಶ ನೋಡಿಯೇ ಹೆಜ್ಜೆ ಇಡಿ.

ದುಡ್ಡು ಬಾರದಿರೋದಕ್ಕೆ ಕಾರಣ ಎಷ್ಟೋ ಸಲ ಬಡತನವಲ್ಲ, ಕಾಗದ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್‌ಕಾರ್ಡ್‌ನಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರೋದಿಲ್ಲ. ರೈತನಿಗೆ ಫ್ರೂಟ್ಸ್ ಐಡಿ ಇರೋದಿಲ್ಲ. ಫಲಿತಾಂಶ ಬರುವ ಮೊದಲೇ ಇವನ್ನು ಸರಿಮಾಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಪ್ರವೇಶದ ದುಡ್ಡು ಕಟ್ಟಬೇಕಾದ್ದು ಮಳೆಗಾಲದ ಆರಂಭದಲ್ಲಿ. ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡೋದು ನವೆಂಬರ್ ಹೊತ್ತಿಗೆ, ಬಿಲ್ಲು ಬರೋದು ಅದರ ನಂತರ. ವಿದ್ಯಾರ್ಥಿವೇತನವೂ ಸೇರಿದ ತಕ್ಷಣ ಕೈಗೆ ಬರೋದಿಲ್ಲ. ಈ ನಡುವಿನ ತಿಂಗಳುಗಳಲ್ಲೇ ಮನೆಯವರು ಬಡ್ಡಿ ಸಾಲಕ್ಕೆ ಕೈಚಾಚೋದು. ಆದ್ದರಿಂದ ಬೇಸಿಗೆಯಲ್ಲೇ ಸ್ವಲ್ಪ ದುಡ್ಡು ಎತ್ತಿಡಿ, ಕಂತಿನಲ್ಲಿ ಕಟ್ಟಬಹುದಾ ಅಂತ ಪ್ರಾಂಶುಪಾಲರನ್ನು ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ.

ದುಡಿಯುತ್ತಲೇ ಓದಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ಕನ್ನಡದಲ್ಲೇ ಬಿಎ ಓದಬಹುದು. ಆದರೆ ಅದರ ಹಿಂದಿನ ಕಥೆ ನೆನಪಿರಲಿ. 2013ರ ನಂತರ ಯುಜಿಸಿ ಮಾನ್ಯತೆ ಇಲ್ಲದೆ ವಿದ್ಯಾರ್ಥಿಗಳು ಪರದಾಡಿದರು, ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ. ಈಗ ಮಾನ್ಯತೆ ಇರುವ ದೂರಶಿಕ್ಷಣದ ಪದವಿಗೂ ರೆಗ್ಯುಲರ್ ಪದವಿಯಷ್ಟೇ ಬೆಲೆ. ಹಾಗಾಗಿ ಯಾವುದೇ ದೂರಶಿಕ್ಷಣಕ್ಕೆ ಸೇರುವ ಮೊದಲು ಆ ವರ್ಷ, ಆ ಕೋರ್ಸಿಗೆ ಯುಜಿಸಿ ಒಪ್ಪಿಗೆ ಇದೆಯಾ ನೋಡಿ. "ಕ್ಲಾಸಿಗೆ ಬರೋದು ಬ್ಯಾಡ, ಪರೀಕ್ಷಾ ನಾವs ನೋಡ್ಕೋತೀವಿ" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಜಗತ್ತಿನಲ್ಲಿ ಅದಕ್ಕಿಂತ ತುಟ್ಟಿಯಾದ ಡಿಗ್ರಿ ಇನ್ನೊಂದಿಲ್ಲ.

ಕೊನೆಯದು, ಪಾಠ ಮಾಡುವವರು. ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ಎಷ್ಟು ನಿಂತಿವೆ ಅಂತ ಎಲ್ಲರಿಗೂ ಗೊತ್ತು. ಒಳ್ಳೆಯ ಮೇಷ್ಟ್ರು ಅವರಲ್ಲೂ ಇದ್ದಾರೆ, ಆದರೆ ಅವರ ನೇಮಕ ತಡವಾದರೆ ತರಗತಿಯೂ ತಡ. ಕಳೆದ ವರ್ಷ ರಾಜ್ಯಶಾಸ್ತ್ರದ ಪಾಠ ಯಾವ ತಿಂಗಳು ಶುರುವಾಯಿತು ಅಂತ ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೇಳಿ. ಕಾಲೇಜಿನ ಕೈಪಿಡಿಯಲ್ಲಿ ಇಲ್ಲದ ಸತ್ಯ ಅವರ ಬಾಯಲ್ಲಿ ಇರುತ್ತದೆ.

ಮೂರು ವರ್ಷ ಆದಮೇಲೆ ಏನು? ಬಿ.ಎಡ್ ಮಾಡಬಹುದು, ಮೂರು ವರ್ಷದ ಕಾನೂನು ಪದವಿ ಓದಬಹುದು, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೇ ಎಂಎ ಮಾಡಬಹುದು. ಪಿಡಿಒ, ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ಪದವಿ ಸಾಕು, ಸಂವಿಧಾನದ ಪಾಠ ಅಲ್ಲಿ ನೇರವಾಗಿ ಕೈಹಿಡಿಯುತ್ತದೆ. ನೌಕರಿ ಗ್ಯಾರಂಟಿ ಅಂತ ನಾನು ಹೇಳೋದಿಲ್ಲ, ಹೇಳುವವರನ್ನು ನಂಬಲೂಬೇಡಿ.

ಬೆಳಗಾವಿ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರಗಳಿವೆ, ಸುವರ್ಣ ವಿಧಾನಸೌಧವೂ ಇಲ್ಲೇ ಇದೆ. ಒಳಗೆ ಕೂರುವವರು ಯಾರು ಅಂತ ಚುನಾವಣೆ ಹೇಳುತ್ತದೆ. ಹೊರಗೆ ನಿಂತು, "ಈ ಕಾಯ್ದೆಯ ಯಾವ ಕಲಂ ಪ್ರಕಾರ ಹೀಗೆ ಮಾಡಿದಿರಿ?" ಅಂತ ಕೇಳುವವರೂ ಬೇಕಲ್ಲ? ಅಂಥ ಒಬ್ಬಳು ಹುಕ್ಕೇರಿಯ ಯಾವುದೋ ಹಳ್ಳಿಯಲ್ಲಿ ಈಗ ಮಾರ್ಕ್ಸ್‌ಕಾರ್ಡ್ ಹಿಡಿದು ಕೂತಿರಬಹುದು. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ನಾಡಕಚೇರಿಗೆ ಹೋಗಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಕೆಲಸ ಅಲ್ಲಿಂದಲೇ ಶುರುವಾಗಲಿ.